ಕೈ ಇಳಿಸಿದವರ ಗೆಲುವು, ಎತ್ತಿದ ಕೈಯವರ ಗೆಲುವು

ಕೆಲವು ವರ್ಷಗಳ ಹಿಂದೆ ನಾವು ಒಂದು ಕಬಡ್ಡಿ ಪಂದ್ಯದ ಸುದ್ದಿ ಬರೆದಿದ್ದೆವು. ಪಂದ್ಯ ನೋಡಲು ಹೋಗಿರಲಿಲ್ಲ. ವಾಟ್ಸಾಪಿನಲ್ಲಿ ಯಾರೋ ಇಂಗ್ಲಿಷಿನ ನಾಲ್ಕು ಸಾಲು ಕಳಿಸಿದ್ದರು. ನಮ್ಮ ಕಡೆಯ ಹುಡುಗರು ‘ವನ್ ಹ್ಯಾಂಡ್ಸ್ ಡೌನ್’ ಎಂದು ಅದರಲ್ಲಿತ್ತು. ಆತುರದಲ್ಲಿ ‘ಕೈ ಕೆಳಗೆ ಮಾಡಿ ಗೆದ್ದರು’ ಎಂದು ಕನ್ನಡ ಮಾಡಿ ಕಳಿಸಿಬಿಟ್ಟೆವು.

ಮಾರನೇ ದಿನ ಬೆಳಿಗ್ಗೆ ಆಟಗಾರನೊಬ್ಬನ ತಂದೆ ಫೋನ್ ಮಾಡಿದರು. ‘ಏನ್ ಸಾರ್, ನಮ್ ಹುಡುಗ ಮಂಡಿ ಕಿತ್ತೋಗೋ ಹಂಗೆ ಆಡವ್ನೆ. ನೀವು ಕೈ ಕೆಳಗೆ ಮಾಡಿದ್ರು ಅಂತ ಬರ್ದಿದೀರಲ್ಲ, ದುಡ್ಡು ಕೊಟ್ಟು ಗೆದ್ರು ಅಂತಾನಾ?’

ನಮಗೆ ಉತ್ತರ ಹೊಳೆಯಲಿಲ್ಲ. ಆ ಮಾತಿನ ಮೂಲ ಹುಡುಕಲು ಶುರುಮಾಡಿದ್ದು ಆವತ್ತಿನಿಂದ. ಹುಡುಕುತ್ತಾ ಹೋದರೆ ಅದು ಕುದುರೆಯ ಬೆನ್ನ ಮೇಲೆ ಸಿಕ್ಕಿತು. ಕುದುರೆ ಎಂದ ಕೂಡಲೇ ನಮಗೆ ನೆನಪಾದದ್ದು ನಮ್ಮದೇ ಕಡೂರು ತಾಲ್ಲೂಕಿನ ದೇವನೂರು.

ಮೊದಲು ಇಂಗ್ಲಿಷಿನ ಕುದುರೆಯ ಕಥೆ. ರೇಸಿನಲ್ಲಿ ಜಾಕಿ ಲಗಾಮು ಬಿಗಿಹಿಡಿದು, ಕೈಯಿಂದ ಹುರಿದುಂಬಿಸುತ್ತಾ ಕುದುರೆ ಓಡಿಸುತ್ತಾನೆ. ಹಿಂದಿನವರು ತೀರಾ ದೂರ ಉಳಿದರು, ಇನ್ನು ತನ್ನನ್ನು ಹಿಡಿಯುವವರಿಲ್ಲ ಎಂದು ಖಾತ್ರಿಯಾದಾಗ ಕೈ ಕೆಳಗಿಳಿಸಿ ಲಗಾಮು ಸಡಿಲ ಬಿಡುತ್ತಾನೆ. ಕುದುರೆ ತನ್ನ ಪಾಡಿಗೆ ತಾನು ಓಡಿ ಗೆಲ್ಲುತ್ತದೆ. ಇಂಗ್ಲೆಂಡಿನ ರೇಸ್ ಮೈದಾನದ ಈ ಮಾತು 19ನೇ ಶತಮಾನದ ನಡುಭಾಗದ ಹೊತ್ತಿಗೆ ಬಳಕೆಗೆ ಬಂತು. ಆಮೇಲೆ ಚುನಾವಣೆ, ಕ್ರಿಕೆಟ್, ಪರೀಕ್ಷೆ, ಎಲ್ಲಕ್ಕೂ ಹಬ್ಬಿತು.

ಈಗ ದೇವನೂರಿನ ಕುದುರೆಯ ಕಥೆ. ‘ಜೈಮಿನಿ ಭಾರತ’ ಬರೆದ ಲಕ್ಷ್ಮೀಶ ತನ್ನ ಕಾವ್ಯದಲ್ಲಿ ದೇವಪುರದ ಲಕ್ಷ್ಮೀಪತಿಯನ್ನು ನೆನೆಯುತ್ತಾನೆ. ಆ ದೇವಪುರವೇ ನಮ್ಮ ದೇವನೂರು, ಆ ದೇವರೇ ಇಲ್ಲಿನ ಲಕ್ಷ್ಮೀಕಾಂತ ಎಂಬುದು ಬಹಳ ವಿದ್ವಾಂಸರ ಮಾತು. ಸುರಪುರದ ಕಡೆಯವರೂ ಕವಿ ನಮ್ಮವನೇ ಎನ್ನುತ್ತಾರೆ. ಆ ಜಗಳ ಪಂಡಿತರಿಗಿರಲಿ. ವಾರ್ಧಕ ಷಟ್ಪದಿಯ 34 ಸಂಧಿಗಳ ಈ ಕಾವ್ಯ ಹಳ್ಳಿಗಳ ಪಡಸಾಲೆಗಳಲ್ಲಿ ರಾಗವಾಗಿ ಓದಿಸಿಕೊಂಡು ಬಂದದ್ದು. 1852ರಲ್ಲಿ ಡೇನಿಯಲ್ ಸ್ಯಾಂಡರ್ಸನ್ ಎಂಬ ವೆಸ್ಲಿಯನ್ ಮಿಷನರಿ ಇದರ ಭಾಗವನ್ನು ಇಂಗ್ಲಿಷಿಗೆ ತಂದು ಬೆಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಅಂದರೆ ಇಂಗ್ಲೆಂಡಿನ ಜಾಕಿ ಕೈ ಇಳಿಸುವ ಮಾತು ಹುಟ್ಟುತ್ತಿದ್ದ ಕಾಲಕ್ಕೇ ನಮ್ಮ ಕುದುರೆ ಇಂಗ್ಲಿಷ್ ಕಲಿಯುತ್ತಿತ್ತು.

ಆ ಕಾವ್ಯದ ತುಂಬ ಗೆಲುವಿನದೇ ಮಾತು. ಧರ್ಮರಾಯ ಅಶ್ವಮೇಧ ಯಾಗ ಮಾಡಬೇಕು. ಕುದುರೆಯನ್ನು ಬಿಡುತ್ತಾರೆ. ಅದು ಹೋದಲ್ಲೆಲ್ಲ ಅರ್ಜುನ ಸೈನ್ಯ ಕಟ್ಟಿಕೊಂಡು ಹಿಂದೆ ಹೋಗುತ್ತಾನೆ. ಕುದುರೆಯನ್ನು ಯಾರೂ ಕಟ್ಟಿಹಾಕದಿದ್ದರೆ ಗೆದ್ದ ಹಾಗೆ. ಕಟ್ಟಿಹಾಕಿದರೆ ಯುದ್ಧ. ಇಲ್ಲಿ ಕುದುರೆಗೆ ಸವಾರನೇ ಇಲ್ಲ, ಇಳಿಸಲು ಕೈಯೇ ಇಲ್ಲ. ಹಾಗಾದರೆ ಗೆಲುವು ಸುಲಭವಾಗಿತ್ತೇ?

ಸುಧನ್ವನ ಕಥೆ ನೋಡಿ. ಯುದ್ಧಕ್ಕೆ ತಡವಾಗಿ ಬಂದ ಎಂದು ತಂದೆ ಹಂಸಧ್ವಜನೇ ಮಗನನ್ನು ಕುದಿಯುವ ಎಣ್ಣೆ ಕೊಪ್ಪರಿಗೆಗೆ ಹಾಕಿಸುತ್ತಾನೆ. ಅದರಿಂದ ಬದುಕಿ ಎದ್ದುಬಂದ ಹುಡುಗ ಅರ್ಜುನನ ಎದುರು ನಿಲ್ಲುತ್ತಾನೆ. ಮೂರೇ ಬಾಣದಲ್ಲಿ ಕೊಲ್ಲುತ್ತೇನೆ ಎಂದು ಅರ್ಜುನ ಶಪಥ ಮಾಡಿದರೆ, ಮೂರನ್ನೂ ಕತ್ತರಿಸುತ್ತೇನೆ ಎಂದು ಇವನ ಶಪಥ. ಆ ಬಾಣಗಳಿಗೆ ಕೃಷ್ಣ ತನ್ನ ಪುಣ್ಯವನ್ನೇ ಧಾರೆ ಎರೆಯಬೇಕಾಗುತ್ತದೆ. ಗೆದ್ದದ್ದು ಅರ್ಜುನನೇ. ಆದರೂ ಊರವರ ಬಾಯಲ್ಲಿ, ಯಕ್ಷಗಾನದ ಆಟದಲ್ಲಿ ಉಳಿದವನು ಸುಧನ್ವ.

ಮುಂದೆ ಮಣಿಪುರ. ಬಭ್ರುವಾಹನ ಅರ್ಜುನನ ಸ್ವಂತ ಮಗ. ಕುದುರೆಯನ್ನು ಕಪ್ಪಕಾಣಿಕೆಯ ಜೊತೆ ಒಪ್ಪಿಸಲು ಬಂದ ಮಗನನ್ನು ಅರ್ಜುನ ಹೀಯಾಳಿಸಿ ಕಳಿಸುತ್ತಾನೆ. ಗೆಲುವು ಹೇಗೂ ತನ್ನದೇ ಎಂಬ ಗರ್ವ. ಆ ಮಗನ ಕೈಯಲ್ಲೇ ಅವನ ತಲೆ ಹೋಗುತ್ತದೆ. ಆಮೇಲೆ ನಾಗಲೋಕದಿಂದ ಮಣಿ ತರಿಸಿ ಬದುಕಿಸಬೇಕಾಗುತ್ತದೆ. 1977ರ ‘ಬಭ್ರುವಾಹನ’ ಚಿತ್ರದಲ್ಲಿ ಡಾ. ರಾಜ್‌ಕುಮಾರ್ ತಂದೆಯೂ ಆಗಿ, ಮಗನೂ ಆಗಿ ನಿಂತದ್ದನ್ನು ನೋಡದವರು ನಮ್ಮ ಕಡೆ ಕಡಿಮೆ.

ಇದೇ ಕಾವ್ಯದಲ್ಲಿ ಲವ ಕೂಡ ಬರುತ್ತಾನೆ. ರಾಮನ ಯಜ್ಞದ ಕುದುರೆಯನ್ನು ತನ್ನ ಉತ್ತರೀಯದಲ್ಲಿ ಬಾಳೆಯ ಗಿಡಕ್ಕೆ ಕಟ್ಟಿದ ಹುಡುಗ. ಹತ್ತನೇ ತರಗತಿಯಲ್ಲಿ ‘ವೀರಲವ’ ಪದ್ಯ ಓದಿದವರಿಗೆಲ್ಲ ಗೊತ್ತು. ಇವತ್ತಿಗೂ ಸತತ ಗೆಲ್ಲುತ್ತಿದ್ದವರನ್ನು ಯಾರಾದರೂ ಸೋಲಿಸಿದರೆ ಪತ್ರಿಕೆಗಳು ‘ಅಶ್ವಮೇಧದ ಕುದುರೆ ಕಟ್ಟಿಹಾಕಿದರು’ ಎಂದು ಬರೆಯುತ್ತವೆ. ಕುದುರೆ ಅವರಲ್ಲೂ ಇದೆ, ನಮ್ಮಲ್ಲೂ ಇದೆ. ಅವರ ಮಾತು ಸಲೀಸಾಗಿ ಗೆದ್ದವನನ್ನು ಹಿಡಿದಿಟ್ಟಿತು, ನಮ್ಮ ಮಾತು ಅಂಥವನನ್ನು ತಡೆದು ನಿಲ್ಲಿಸಿದವನನ್ನು ಹಿಡಿದಿಟ್ಟಿತು.

ಕೈಯ ವಿಚಾರದಲ್ಲಂತೂ ಎರಡು ಭಾಷೆ ಎದುರುಬದುರು. ಕನ್ನಡದಲ್ಲಿ ಗೆದ್ದವನ ಕೈ ಮೇಲಿರುತ್ತದೆ. ‘ಅಡಿಕೆ ಸುಲಿಯೋದರಲ್ಲಿ ಅವಳು ಎತ್ತಿದ ಕೈ’ ಎನ್ನುತ್ತೇವೆ. ಪಂದ್ಯದಲ್ಲಿ ಒಬ್ಬರು ‘ಮೇಲುಗೈ’ ಸಾಧಿಸುತ್ತಾರೆ. ಕುಸ್ತಿಯಲ್ಲಿ ಗೆದ್ದ ಪೈಲ್ವಾನನ ಕೈಯನ್ನೇ ಎತ್ತಿ ತೋರಿಸುತ್ತಾರೆ. ಸೋತವನು ಕೈಚೆಲ್ಲಿ ಕೂರುತ್ತಾನೆ. ಹಾಗಂತ ಎತ್ತಿದ ಕೈಯೆಲ್ಲ ಗೆಲುವೂ ಅಲ್ಲ. ‘ಎತ್ತಿದ ಕೈ’ ಅಂದರೆ ಗಟ್ಟಿಗ, ‘ಕೈ ಎತ್ತಿಬಿಟ್ಟ’ ಅಂದರೆ ನಡುನೀರಿನಲ್ಲಿ ಬಿಟ್ಟುಹೋದವನು. ಇಂಥ ಭಾಷೆಯಲ್ಲಿ ‘ಕೈ ಕೆಳಗೆ ಮಾಡಿ ಗೆದ್ದರು’ ಎಂದರೆ ಆ ತಂದೆ ಬೇರೇನು ತಿಳಿಯಬೇಕು?

ಹಾಗಾದರೆ ಆ ಇಂಗ್ಲಿಷ್ ಮಾತನ್ನು ಬಳಸುವುದು ಹೇಗೆ? ಕಾಲೇಜಿಗೆ ಹೋಗುವ ಮಕ್ಕಳು ಕೇಳುತ್ತಿರುತ್ತಾರೆ. ಒಂದು ತಂಡ ಮೊದಲ ಐದು ನಿಮಿಷದಲ್ಲೇ ಮುಂದೆ ಹೋಗಿ, ಕೊನೆತನಕ ಎದುರಾಳಿ ಹತ್ತಿರ ಸುಳಿಯದಿದ್ದರೆ ‘ದೇ ವನ್ ಹ್ಯಾಂಡ್ಸ್ ಡೌನ್’ ಅನ್ನಬಹುದು. ಕನ್ನಡದಲ್ಲಿ ‘ಲೀಲಾಜಾಲವಾಗಿ ಗೆದ್ದರು’, ‘ಹೂವೆತ್ತಿದಂತೆ ಗೆದ್ದರು’ ಎಂದರೆ ಸಾಕು. ‘ಊರಿನ ಜಾತ್ರೆಗಳಲ್ಲಿ ಇದೇ ಹ್ಯಾಂಡ್ಸ್ ಡೌನ್ ಬೆಸ್ಟ್’ ಎಂದರೆ ಎರಡನೇ ಮಾತೇ ಇಲ್ಲ ಎಂದರ್ಥ. ಅಲ್ಲಿ ಕೈಯೂ ಬೇಡ, ಕುದುರೆಯೂ ಬೇಡ, ‘ಅನುಮಾನವೇ ಇಲ್ಲ’ ಎಂದರೆ ಮುಗಿಯಿತು.

ಆದರೆ ಒಂದು ಎಚ್ಚರ ಬೇಕು. ದೊಡ್ಡ ಅಂತರದ ಗೆಲುವೆಲ್ಲ ಸುಲಭದ ಗೆಲುವಲ್ಲ. 1978ರ ನವೆಂಬರಿನಲ್ಲಿ ಇಡೀ ದೇಶ ನಮ್ಮ ಜಿಲ್ಲೆಯ ಕಡೆ ನೋಡಿತ್ತು. ಹಿಂದಿನ ವರ್ಷ ರಾಯಬರೇಲಿಯಲ್ಲಿ ಸೋತಿದ್ದ ಇಂದಿರಾ ಗಾಂಧಿ ಚಿಕ್ಕಮಗಳೂರು ಉಪಚುನಾವಣೆಗೆ ನಿಂತರು. ಎದುರಿಗೆ ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲ್, ಅವರ ಪರ ಪ್ರಚಾರದ ಹೊಣೆ ಹೊತ್ತವರು ಜಾರ್ಜ್ ಫರ್ನಾಂಡಿಸ್. ಇಂದಿರಾ 70 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಅಂತರ ಭಾರಿ. ಆದರೆ ಆ ಚುನಾವಣೆಯಲ್ಲಿ ಯಾರ ಕೈಯೂ ಲಗಾಮು ಸಡಿಲ ಬಿಡಲಿಲ್ಲ. ಅದನ್ನು ‘ಭಾರಿ ಗೆಲುವು’ ಎನ್ನಬಹುದು, ‘ಹ್ಯಾಂಡ್ಸ್ ಡೌನ್’ ಎನ್ನಲಾಗದು. ಹಾಗೆಯೇ ಪಂಚಾಯಿತಿಗೆ ಅವಿರೋಧವಾಗಿ ಆಯ್ಕೆಯಾದವರಿಗೂ ಆ ಮಾತು ಒಪ್ಪದು. ಎದುರಿಗೆ ಇನ್ನೊಂದು ಕುದುರೆಯೇ ಇಲ್ಲದಿದ್ದರೆ ಅದು ಓಟವೇ ಅಲ್ಲ.

ನಾವು ಸುದ್ದಿ ಬರೆಯುವವರು ‘ಸುಲಭ ಜಯ’ ಎಂದು ಸುಲಭವಾಗಿ ಬರೆದುಬಿಡುತ್ತೇವೆ. ಆ ಎರಡು ಪದ ಗೆದ್ದವರ ಬೆವರನ್ನೂ ಒರೆಸಿ ಹಾಕುತ್ತದೆ, ಸೋತವರ ಹೋರಾಟವನ್ನೂ ಅಳಿಸಿ ಹಾಕುತ್ತದೆ. ಸುಧನ್ವನ ಕಥೆಯನ್ನು ಲಕ್ಷ್ಮೀಶ ‘ಅರ್ಜುನನಿಗೆ ಸುಲಭ ಜಯ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದರೆ ನಾವು ಅವನನ್ನು ಇಷ್ಟು ದಿನ ನೆನೆಯುತ್ತಿದ್ದೆವೇ?

ಆವತ್ತು ಆ ತಂದೆಗೆ ತಪ್ಪಾಯಿತು ಎಂದು ಹೇಳಿ, ಪಂದ್ಯದ ಅಂಕ ಎಷ್ಟಿತ್ತು ಎಂದು ಕೇಳಿದೆವು. ‘ಕೊನೇ ರೈಡಲ್ಲಿ ಎರಡು ಪಾಯಿಂಟು ಸಾರ್’ ಎಂದರು.

ಅಂದರೆ ನಮ್ಮ ಕನ್ನಡವೊಂದೇ ಅಲ್ಲ, ಮೊದಲು ಬಂದ ಇಂಗ್ಲಿಷೂ ಸುಳ್ಳಾಗಿತ್ತು. ಮೈದಾನಕ್ಕೆ ಹೋಗಿದ್ದರೆ ಎರಡೂ ತಪ್ಪುತ್ತಿದ್ದವು.