ಜ್ಯೋತಿರ್ವಿಜ್ಞಾನಿ ಜಯಂತ ನಾರಳೀಕರರೂ ತಾಯ್ನುಡಿಯ ವಿಜ್ಞಾನವೂ

ಪಂಚಗಂಗೆಯ ದಂಡೆಯಿಂದ ಹಿರಣ್ಯಕೇಶಿಯ ದಂಡೆಯವರೆಗಿನ ನಾಡು ಎರಡು ನುಡಿಗಳ ನೆಲೆ. ಇಲ್ಲಿ ಕನ್ನಡ ಮರಾಠಿಗಳು ಒಂದೇ ಓಣಿಯಲ್ಲಿ, ಎಷ್ಟೋ ಸಲ ಒಂದೇ ಮನೆಯಲ್ಲಿ, ನೂರಾರು ವರ್ಷಗಳಿಂದ ಕೂಡಿ ಬಾಳಿವೆ. ಆದುದರಿಂದ ಕೊಲ್ಲಾಪುರದಲ್ಲಿ ಜನಿಸಿದ ಮರಾಠಿ ಮಹನೀಯರೊಬ್ಬರ ಜೀವನಕಾರ್ಯವನ್ನು ಕನ್ನಡ ಸಂಘದ ಸಂಚಿಕೆಯಲ್ಲಿ ಸ್ಮರಿಸುವುದು ಅಪ್ರಸ್ತುತವೆಂದು ಹಲಕರ್ಣಿಯ ವಾಚಕರು ಎಣಿಸಲಾರರೆಂದು ನಂಬಿದ್ದೇವೆ. ನೆರೆಮನೆಯ ದೀಪದ ಬೆಳಕು ನಮ್ಮ ಅಂಗಳಕ್ಕೂ ಬೀಳುವುದುಂಟು. ಆ ಬೆಳಕಿನಲ್ಲಿ ನಮ್ಮ ಮನೆಗೆಲಸವನ್ನು ನೋಡಿಕೊಳ್ಳುವುದು ಜಾಣತನ.

ಜಯಂತ ವಿಷ್ಣು ನಾರಳೀಕರರು 1938ನೆಯ ಇಸವಿ ಜುಲೈ 19ರಂದು ಕೊಲ್ಲಾಪುರದಲ್ಲಿ ಹುಟ್ಟಿದರು. ತಂದೆ ವಿಷ್ಣು ವಾಸುದೇವ ನಾರಳೀಕರರೂ ಕೊಲ್ಲಾಪುರದವರೇ. ಕೇಂಬ್ರಿಜ್ಜಿನಲ್ಲಿ ವ್ಯಾಸಂಗ ಮಾಡಿ, 1932ರಲ್ಲಿ ಪಂಡಿತ ಮದನಮೋಹನ ಮಾಳವೀಯರ ಕರೆಗೆ ಓಗೊಟ್ಟು, ಕಾಶಿ ಹಿಂದೂ ವಿಶ್ವವಿದ್ಯಾಲಯದಲ್ಲಿ ಗಣಿತದ ಪ್ರಾಧ್ಯಾಪಕರಾದವರು ಅವರು. ತಾಯಿ ಸುಮತಿಯವರು ಸಂಸ್ಕೃತ ವಿದುಷಿ. ಹೀಗಾಗಿ ಬಾಲಕನ ವಿದ್ಯಾಭ್ಯಾಸವೆಲ್ಲ ಕಾಶಿಯಲ್ಲಿ ನಡೆಯಿತು. ಸೋದರಮಾವ ಮೋರೇಶ್ವರ ಹುಜೂರಬಾಜಾರರು ಆ ಮನೆಯಲ್ಲಿದ್ದು ಓದುತ್ತಿದ್ದಾಗ ಗೋಡೆಯ ಕರಿಹಲಗೆಯ ಮೇಲೆ ಹುಡುಗನಿಗೊಂದು ಕಠಿಣ ಲೆಕ್ಕವನ್ನು ಬರೆದಿಡುತ್ತಿದ್ದರು. ಉತ್ತರ ದೊರೆಯುವವರೆಗೆ ಅದನ್ನು ಅಳಿಸುತ್ತಿರಲಿಲ್ಲ. ಮನೆಯಲ್ಲಿ ಮರಾಠಿ, ಬೀದಿಯಲ್ಲಿ ಹಿಂದಿ, ಮುಂದಿನ ವ್ಯಾಸಂಗಕ್ಕೆ ಇಂಗ್ಲಿಷು. ಮನೆಯಲ್ಲೊಂದು ಮಾತು, ಸಂತೆಯಲ್ಲೊಂದು ಮಾತಾಡಿ ಬೆಳೆವ ನಮ್ಮ ಗಡಿನಾಡಿನ ಮಕ್ಕಳ ಪಾಡೂ ಇದೇ ಅಲ್ಲವೆ? ಹಲವು ನುಡಿಗಳ ನಡುವೆ ಬೆಳೆಯುವುದು ಬುದ್ಧಿಗೆ ಭಾರವಲ್ಲವೆಂಬುದಕ್ಕೆ ಈ ಜೀವನವೇ ಸಾಕ್ಷಿ.

1957ರಲ್ಲಿ ಕಾಶಿಯ ಪದವಿ ಪಡೆದು ಕೇಂಬ್ರಿಜ್ಜಿಗೆ ತೆರಳಿದ ತರುಣರು ಅಲ್ಲಿ ಗಣಿತದ ಕಠಿಣ ಪರೀಕ್ಷೆಗಳಲ್ಲಿ ಅಗ್ರಗಣ್ಯರೆನಿಸಿ, ಫ್ರೆಡ್ ಹಾಯ್ಲ್ ಎಂಬ ಪ್ರಖ್ಯಾತ ಖಗೋಲವಿಜ್ಞಾನಿಯ ಶಿಷ್ಯರಾದರು. 1964ರಲ್ಲಿ ಗುರುಶಿಷ್ಯರು ಸೇರಿ ಗುರುತ್ವಾಕರ್ಷಣದ ಹೊಸದೊಂದು ಸಿದ್ಧಾಂತವನ್ನು ಮಂಡಿಸಿದರು. ಒಂದು ವಸ್ತುವಿನ ಜಡತ್ವವು ವಿಶ್ವದಲ್ಲಿರುವ ಉಳಿದೆಲ್ಲ ವಸ್ತುಗಳ ಇರವಿನಿಂದ ಒದಗಿದ್ದೆಂಬುದು ಅದರ ತಿರುಳು. ಮರುವರ್ಷ ಭಾರತ ಸರ್ಕಾರವು ಇವರಿಗೆ ಪದ್ಮಭೂಷಣವನ್ನಿತ್ತಿತು. ಆಗ ಇವರಿಗೆ ಮೂವತ್ತೂ ತುಂಬಿರಲಿಲ್ಲ.

ಅದೇ 1965ರಲ್ಲಿ ಆಕಾಶದ ಎಲ್ಲ ದಿಕ್ಕುಗಳಿಂದಲೂ ಬರುವ ಮಂದವಾದ ವಿಕಿರಣವೊಂದನ್ನು ಪೆಂಝಿಯಾಸ್ ಮತ್ತು ವಿಲ್ಸನ್ ಎಂಬವರು ಕಂಡುಹಿಡಿದುದು ಪ್ರಕಟವಾಯಿತು. ವಿಶ್ವವು ಮಹಾಸ್ಫೋಟದಿಂದ ಆರಂಭವಾಯಿತೆಂಬ ಮತಕ್ಕೆ ಇದರಿಂದ ಬಲ ಬಂದು, ಬಹುಪಾಲು ವಿಜ್ಞಾನಿಗಳು ಅತ್ತ ವಾಲಿದರು. ವಿಶ್ವಕ್ಕೆ ಅಂಥ ಆದಿಯಿಲ್ಲವೆಂಬ ಹಾಯ್ಲರ ಪಕ್ಷದಲ್ಲಿ ನಿಂತ ನಾರಳೀಕರರು ಕೊನೆಯವರೆಗೂ ಅಲ್ಪಸಂಖ್ಯಾತರಾಗಿಯೇ ಉಳಿದರು. 1993ರಲ್ಲಿ ಹಾಯ್ಲ್ ಮತ್ತು ಬರ್ಬಿಜ್‌ರೊಡನೆ ಆ ಮತವನ್ನು ತಿದ್ದಿ ಮತ್ತೊಮ್ಮೆ ಮುಂದಿಟ್ಟರೂ ವಿದ್ವತ್‌ಲೋಕವು ಅದನ್ನು ಅಂಗೀಕರಿಸಲಿಲ್ಲ. ಆದರೆ ಬಹುಮತಕ್ಕೆ ಅಂಜಿ ಪ್ರಶ್ನೆಯನ್ನು ನುಂಗಿಕೊಳ್ಳದ ಈ ಧೃತಿಯನ್ನು ನಾವು ಕೇವಲ ಹಟವೆಂದು ಎಣಿಸುವುದಿಲ್ಲ. ಅವರ ಸಾಹಿತ್ಯದ ಬೇರೂ ಅಲ್ಲಿಯೇ ಇದೆ.

1972ರಲ್ಲಿ ಸ್ವದೇಶಕ್ಕೆ ಮರಳಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯನ್ನು ಸೇರಿದ ಅವರು ಕಥೆಗಾರರಾದ ಬಗೆ ಸ್ವಾರಸ್ಯವಾಗಿದೆ. 1966ರಲ್ಲಿ ಸ್ಥಾಪನೆಗೊಂಡ ಮರಾಠಿ ವಿಜ್ಞಾನ ಪರಿಷತ್ತು 1974ರಲ್ಲಿ ವಿಜ್ಞಾನ ಕಥೆಗಳ ಸ್ಪರ್ಧೆಯನ್ನು ನಡೆಸಿತ್ತು. ಅದಕ್ಕೆ ನಾರಾಯಣ ವಿನಾಯಕ ಜಗತಾಪ ಎಂಬವರಿಂದ ‘ಕೃಷ್ಣವಿವರ’ವೆಂಬ ಕಥೆ ಬಂದು ಪ್ರಥಮ ಬಹುಮಾನವನ್ನು ಗಳಿಸಿತು. ಜಗತಾಪರು ಬೇರೆ ಯಾರೂ ಅಲ್ಲ, ತಮ್ಮ ಹೆಸರಿನ ಮೊದಲಕ್ಷರಗಳನ್ನು ತಿರುವುಮುರುವು ಮಾಡಿಕೊಂಡ ನಾರಳೀಕರರೇ! ಅಕ್ಷರದ ಗುರುತು ಸಿಕ್ಕೀತೆಂದು ಪತ್ನಿ ಮಂಗಲಾ ಅವರಿಂದ ಪ್ರತಿ ಮಾಡಿಸಿದ್ದರು. ಕೀರ್ತಿಯ ಕೊಡೆ ಹಿಡಿಯದೆ ಕಥೆಯು ತನ್ನ ಕಾಲಮೇಲೆ ತಾನು ನಿಲ್ಲಬಲ್ಲುದೋ ಇಲ್ಲವೋ ಎಂದು ಅರಿಯುವುದು ಅವರ ಇಚ್ಛೆಯಾಗಿತ್ತು. ಶೋಧಪ್ರಬಂಧಗಳನ್ನೆಲ್ಲ ಇಂಗ್ಲಿಷಿನಲ್ಲಿ ಬರೆಯುತ್ತಿದ್ದ ವಿದ್ವಾಂಸರು ಕಥೆ ಹೇಳಲು ತಾಯ್ನುಡಿಯನ್ನೇ ಆರಿಸಿಕೊಂಡರೆಂಬುದನ್ನು ವಾಚಕರು ಗಮನಿಸಬೇಕು.

ಮುಂದೆ ‘ಯಕ್ಷಾಂಚೀ ದೇಣಗೀ’ ಕಥಾಸಂಗ್ರಹವೂ ‘ಪ್ರೇಷಿತ’, ‘ವಾಮನ ಪರತ ನ ಆಲಾ’ ಮೊದಲಾದ ಕಾದಂಬರಿಗಳೂ ಬಂದವು. ಅವರ ಎರಡು ಕಥೆಗಳನ್ನು ಮಾತ್ರ ಇಲ್ಲಿ ಉದಾಹರಿಸುವೆವು. ‘ಗಂಗಾಧರಪಂತಾಂಚೇ ಪಾಣಿಪತ’ದಲ್ಲಿ ಇತಿಹಾಸದ ಪ್ರಾಧ್ಯಾಪಕರೊಬ್ಬರು ಅಪಘಾತಕ್ಕೀಡಾಗಿ ಬೇರೊಂದು ಭಾರತವನ್ನು ಕಾಣುತ್ತಾರೆ. ಅಲ್ಲಿ 1761ರ ಪಾಣಿಪತದ ರಣದಲ್ಲಿ ಗುಂಡು ವಿಶ್ವಾಸರಾಯನಿಗೆ ತಗುಲದೆ ಪಕ್ಕದಲ್ಲಿ ಹಾಯ್ದುಹೋಗಿದೆ; ಮರಾಠರು ಗೆದ್ದಿದ್ದಾರೆ; ದೇಶದ ಚರಿತ್ರೆಯೇ ಬದಲಾಗಿದೆ. ಇದರ ಇಂಗ್ಲಿಷ್ ರೂಪವನ್ನು ರಾಷ್ಟ್ರೀಯ ಶಿಕ್ಷಣ ಸಂಶೋಧನ ಮತ್ತು ತರಬೇತಿ ಪರಿಷತ್ತು ಹನ್ನೊಂದನೆಯ ತರಗತಿಯ ಪಠ್ಯಪುಸ್ತಕದಲ್ಲಿ ಅಳವಡಿಸಿತು. ‘ಧೂಮಕೇತು’ ಎಂಬ ಕಥೆಯಲ್ಲಿ ಭೂಮಿಗೆ ಬಡಿಯಲಿದ್ದ ಧೂಮಕೇತುವನ್ನು ವಿಜ್ಞಾನಿಗಳು ಕ್ಷಿಪಣಿಯಿಂದ ದಾರಿ ತಪ್ಪಿಸುತ್ತಾರೆ. ಆದರೆ ಅದನ್ನು ಮೊದಲು ಕಂಡುಹಿಡಿದವನ ಮನೆಯಲ್ಲಿಯೇ, ಅರಿಷ್ಟ ಕಳೆದುದು ತಾವು ಮಾಡಿಸಿದ ಹೋಮದಿಂದೆಂದು ಮನೆಯವರು ನಂಬಿ ನೆಮ್ಮದಿಯಾಗಿದ್ದಾರೆ! ಆಕಾಶದ ಗಂಡಾಂತರವನ್ನು ನೀಗಬಹುದು, ಮನಸ್ಸಿನ ಕತ್ತಲೆಯನ್ನು ನೀಗುವುದು ಕಷ್ಟವೆಂಬ ವ್ಯಥೆ ಈ ಕಥೆಯಲ್ಲಿದೆ.

ಇವರ ಪಾತ್ರಗಳು ಕೆಲವು ಸಲ ರಕ್ತಮಾಂಸಗಳಿಗಿಂತ ತತ್ತ್ವದ ಭಾರವನ್ನೇ ಹೆಚ್ಚು ಹೊತ್ತಿರುತ್ತವೆಂದು ನಮಗೆ ತೋರಿದೆ. ಆದರೆ ವಿಮರ್ಶಕರಾಗಿ ಅವರು ಹಾಕಿಕೊಂಡ ಗೆರೆಯೇ ಅಂಥದು. ಮಾಟಮಂತ್ರದ ಕಥೆಗೆ ಯಂತ್ರದ ಅಂಗಿ ತೊಡಿಸಿದರೆ ಅದು ವಿಜ್ಞಾನ ಕಥೆಯಾಗದು. ತಿಳಿದ ವಿಜ್ಞಾನದ ನೆಲದಲ್ಲಿ ಕಾಲೂರಿಯೇ ಕಲ್ಪನೆ ಹಾರಬೇಕೆಂಬುದು ಅವರ ನಿಲುವು. ಇದೇ ಕಟ್ಟುನಿಟ್ಟನ್ನು ಅವರು ಸಮಾಜಕ್ಕೂ ಅನ್ವಯಿಸಿದರು. ಡಾ. ನರೇಂದ್ರ ದಾಭೋಲಕರ ಮೊದಲಾದವರೊಡನೆ ಫಲಜ್ಯೋತಿಷವನ್ನು ಪರೀಕ್ಷೆಗೊಡ್ಡಿ, ಮಕ್ಕಳ 200 ಜಾತಕಗಳನ್ನು ಸಂಗ್ರಹಿಸಿದರು. ಅರ್ಧದಷ್ಟು ಮಕ್ಕಳು ಓದಿನಲ್ಲಿ ಮುಂದಿದ್ದವರು, ಉಳಿದವರು ಬುದ್ಧಿಮಾಂದ್ಯರು. ಯಾವ ಜಾತಕ ಯಾರದೆಂದು ಹೇಳಲು 27 ಜ್ಯೋತಿಷಿಗಳಿಗೆ ತಲಾ 40 ಜಾತಕಗಳನ್ನು ಕೊಟ್ಟಾಗ, ಸರಿಯುತ್ತರಗಳು ಸರಾಸರಿ ಅರ್ಧವನ್ನೂ ಮುಟ್ಟಲಿಲ್ಲ. ನಾಣ್ಯ ಚಿಮ್ಮಿ ಹೇಳಿದ್ದರೂ ಅಷ್ಟು ಸರಿಯಾಗುತ್ತಿತ್ತು. ಫಲಿತಾಂಶವು 2009ರಲ್ಲಿ ಪ್ರಕಟವಾಯಿತು.

1988ರಲ್ಲಿ ಪುಣೆಯಲ್ಲಿ ಖಗೋಲವಿಜ್ಞಾನದ ಅಂತರ್‌ವಿಶ್ವವಿದ್ಯಾಲಯ ಕೇಂದ್ರದ ಸ್ಥಾಪಕ ನಿರ್ದೇಶಕರಾಗಿ 2003ರವರೆಗೆ ಅದನ್ನು ನಡೆಸಿದರು. ದೊಡ್ಡ ದುರ್ಬೀನುಗಳಿಲ್ಲದ ಕಾಲೇಜುಗಳ ಅಧ್ಯಾಪಕರೂ ಅಲ್ಲಿಗೆ ಬಂದು ಸಂಶೋಧನೆ ಮಾಡಬಹುದೆಂಬುದು ಅದರ ವಿಶೇಷ. ಹಸ್ತಾಕ್ಷರ ಬೇಡಿ ಮುತ್ತುವ ಶಾಲೆಯ ಮಕ್ಕಳಿಗೆ ಅವರೊಂದು ನಿಯಮವಿಟ್ಟಿದ್ದರು: ವಿಜ್ಞಾನದ ಪ್ರಶ್ನೆಯೊಂದನ್ನು ಅಂಚೆ ಕಾರ್ಡಿನಲ್ಲಿ ಬರೆದು ಕಳಿಸಿದರೆ ಉತ್ತರದ ಕೆಳಗೆ ಹಸ್ತಾಕ್ಷರ ದೊರೆಯುವುದು. ಇದಕ್ಕಿಂತ ದೊಡ್ಡ ಗುರುತನ ಯಾವುದು? 2004ರಲ್ಲಿ ಪದ್ಮವಿಭೂಷಣವೂ, 2014ರಲ್ಲಿ ಆತ್ಮಕಥೆಗೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂದವು. 2021ರ ನಾಸಿಕ ಮರಾಠಿ ಸಾಹಿತ್ಯ ಸಮ್ಮೇಲನಕ್ಕೆ ಅವರೇ ಅಧ್ಯಕ್ಷರಾಗಿ ಆಯ್ಕೆಯಾದರು. 2025ರ ಮೇ 20ರಂದು ಪುಣೆಯಲ್ಲಿ ನಿಧನರಾದರು. ಆತ್ಮಕಥೆಯ ಹೆಸರಿನಲ್ಲಿರುವ ನಾಲ್ಕು ನಗರಗಳು ಕಾಶಿ, ಕೇಂಬ್ರಿಜ್, ಮುಂಬಯಿ, ಪುಣೆ. ಹುಟ್ಟಿದೂರು ಅವುಗಳಲ್ಲಿ ಇಲ್ಲ! ಊರು ನಮ್ಮದೆಂದು ಹೆಮ್ಮೆಪಡುವ ಮುನ್ನ, ವಿದ್ಯೆಗಾಗಿ ಊರು ಬಿಡುವ ಮಕ್ಕಳಿಗೆ ನಾವೇನು ಕಟ್ಟಿಕೊಡುತ್ತಿದ್ದೇವೆಂದು ಯೋಚಿಸಬೇಕು.

ಕನ್ನಡವು ಈ ದಾರಿಯಲ್ಲಿ ಹಿಂದೆ ಬಿದ್ದ ನುಡಿಯಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 1918ರಲ್ಲಿಯೇ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದ್ದರು. ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಒಬ್ಬರೇ ರಚಿಸಿದರು. 1978ರಿಂದ ‘ಬಾಲವಿಜ್ಞಾನ’ವು ಮಕ್ಕಳ ಕೈಗೆ ಬಂದಿತು. ವಿಜ್ಞಾನ ಕಥೆಯಲ್ಲಿ ರಾಜಶೇಖರ ಭೂಸನೂರಮಠರಂಥವರು ನಮಗೂ ಉಂಟು. ಬಾಳ ಫೋಂಡಕೆಯವರು ಸಂಪಾದಿಸಿ 1993ರಲ್ಲಿ ನ್ಯಾಷನಲ್ ಬುಕ್ ಟ್ರಸ್ಟ್ ಪ್ರಕಟಿಸಿದ ಇಂಗ್ಲಿಷ್ ಸಂಕಲನದಲ್ಲಿ ನಾರಳೀಕರರ ಕಥೆಯೂ ಭೂಸನೂರಮಠರ ಕಥೆಯೂ ಒಂದೇ ರಟ್ಟಿನೊಳಗೆ ಕುಳಿತಿವೆ. ಗಡಿಯ ವಾದವಿವಾದಗಳು ಏನೇ ಇರಲಿ, ಪುಸ್ತಕದೊಳಗೆ ಎರಡು ನುಡಿಗಳೂ ಒಂದೇ ಪಂಕ್ತಿಯಲ್ಲಿ ಕುಳಿತುಣ್ಣುವುದು ಸಾಧ್ಯವೆಂದಾಯಿತು.

ಗಡಿನಾಡಿನಲ್ಲಿ ಕನ್ನಡವು ಭಜನೆ, ಹಾಡು, ಹಬ್ಬಗಳಲ್ಲಿ ಮಾತ್ರ ಉಳಿದರೆ ಸಾಲದು. ನಮ್ಮ ಮಗು ಗ್ರಹಣವೇಕೆ ಹಿಡಿಯುವುದೆಂದು ಕನ್ನಡದಲ್ಲಿ ಕೇಳಬೇಕು, ಕನ್ನಡದಲ್ಲಿಯೇ ಉತ್ತರ ಪಡೆಯಬೇಕು. ಪ್ರಶ್ನೆ ಕೇಳಲು ಬಾರದ ನುಡಿಯನ್ನು ಮಕ್ಕಳು ಅಜ್ಜಿಯ ಮಾತೆಂದು ಮೂಲೆಗೆ ಸರಿಸಿಬಿಡುವರು. ಸಂಘದ ಪುಸ್ತಕಾಲಯದಲ್ಲಿ ಪುರಾಣ ಕಾದಂಬರಿಗಳ ಸಾಲಿನಲ್ಲಿ ವಿಜ್ಞಾನ ಗ್ರಂಥಗಳಿಗೂ ಒಂದು ಹಲಗೆ ಮೀಸಲಾಗಲಿ. ವರ್ಷಕ್ಕೊಮ್ಮೆ ಶಾಲೆಯ ಮಕ್ಕಳಿಂದ ಕನ್ನಡದಲ್ಲಿ ವಿಜ್ಞಾನ ಕಥೆಗಳನ್ನು ಬರೆಯಿಸಿ ಬಹುಮಾನ ಕೊಡೋಣ. ಮರಾಠಿಯ ಒಂದು ಪರಿಷತ್ತು ನಡೆಸಿದ ಅಂಥ ಸ್ಪರ್ಧೆಯೇ ಒಬ್ಬ ವಿಜ್ಞಾನಿಯನ್ನು ಕಥೆಗಾರನನ್ನಾಗಿ ಮಾಡಿತು. ಹಲಕರ್ಣಿಯ ಮಕ್ಕಳ ಕಾಗದದ ಕಟ್ಟಿನಲ್ಲಿ ಯಾವ ಹೆಸರು ಅಡಗಿದೆಯೋ, ಬಿಚ್ಚಿ ನೋಡುವ ಕೆಲಸ ನಮ್ಮದು.