ಕಡತದ ಅಂಟು: ಬಟ್ಟೆಯ ಹಸ್ತಪ್ರತಿಗಳಲ್ಲಿ ಒಣಗಿದ ಲೇಪವೂ ಅದರ ನಿವಾರಣೆಯೂ

ಬಟ್ಟೆಯ ಮೇಲೆ ಬರೆಯುವ ಪದ್ಧತಿ ನಮ್ಮ ದೇಶದಲ್ಲಿ ಬಹು ಪ್ರಾಚೀನವಾದುದು. ಕ್ರಿ. ಪೂ. 4ನೆಯ ಶತಮಾನದಲ್ಲಿ ಅಲೆಕ್ಸಾಂಡರನೊಡನೆ ಬಂದಿದ್ದ ನಿಯಾರ್ಕಸನು, ಭಾರತೀಯರು ಚೆನ್ನಾಗಿ ಬಡಿದ ಬಟ್ಟೆಯ ಮೇಲೆ ಪತ್ರಗಳನ್ನು ಬರೆಯುತ್ತಿದ್ದರೆಂದು ಹೇಳಿರುವುದನ್ನು ಸ್ಟ್ರೇಬೋ ಉದ್ಧರಿಸಿದ್ದಾನೆ. ಗುಜರಾತಿನ ಪಾಟಣದ ಜೈನ ಭಂಡಾರದಲ್ಲಿ ದೊರೆತ 'ಧರ್ಮವಿಧಿ'ಯ ಸಟೀಕ ಪ್ರತಿ 14ನೆಯ ಶತಮಾನದ್ದು. ಅದರ ಪತ್ರಗಳೆಲ್ಲವೂ ಬಟ್ಟೆಯವೇ. ಕನ್ನಡನಾಡಿನ ಕಡತವೂ ಇದೇ ಕುಲಕ್ಕೆ ಸೇರಿದುದು. ಇಂದು ಕಚೇರಿಗಳಲ್ಲಿ 'ಕಡತ ವಿಲೇವಾರಿ'ಯ ಮಾತಾಡುವವರಿಗೆ, ಆ ಪದವು ಒಂದು ಕಾಲಕ್ಕೆ ಅಂಟು ಬಳಿದ ಕರಿಯ ಬಟ್ಟೆಯನ್ನು ಸೂಚಿಸುತ್ತಿತ್ತೆಂಬ ನೆನಪು ಅಪರೂಪ.

ಬರಿಯ ಬಟ್ಟೆಯ ಮೇಲೆ ಮಸಿ ಹರಡುತ್ತದೆ, ಬಳಪ ಜಾರುತ್ತದೆ. ಎಳೆಗಳ ನಡುವಣ ರಂಧ್ರಗಳನ್ನು ಅಂಟಿನಿಂದ ತುಂಬಿದಾಗ ಮಾತ್ರ ಅದು ಬರವಣಿಗೆಗೆ ಯೋಗ್ಯವಾಗುತ್ತದೆ. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ಇತಿಹಾಸದ ಮೊದಲ ಸಂಪುಟದಲ್ಲಿ ಕಡತವನ್ನು ವಿವರವಾಗಿ ವರ್ಣಿಸಿದ್ದಾನೆ. ಎಂಟರಿಂದ ಹನ್ನೆರಡು ಅಂಗುಲ ಅಗಲ, 12ರಿಂದ 18 ಅಡಿ ಉದ್ದದ ಹತ್ತಿಬಟ್ಟೆಯ ಎರಡು ಮುಖಗಳಿಗೂ ಅಂಟು ಮತ್ತು ಇದ್ದಿಲುಪುಡಿಯ ಲೇಪವನ್ನು ಬಳಿದು, ಒಣಗಿದ ಮೇಲೆ ಕತ್ತರಿಸದೆ ಸಮನಾಗಿ ಮಡಿಸಿ, ತುದಿಯ ಮಡಿಕೆಗಳಿಗೆ ಮರದ ಹಲಗೆಗಳನ್ನು ಕೂಡಿಸುತ್ತಿದ್ದರು. ಬರವಣಿಗೆ ಬಳಪದಿಂದ. 1896ರಲ್ಲಿ ಪ್ರಕಟವಾದ ತನ್ನ ಲಿಪಿಶಾಸ್ತ್ರಗ್ರಂಥದಲ್ಲಿ ಬ್ಯೂಲರನು ಆ ಅಂಟು ಹುಣಸೆಬೀಜದ್ದೆಂದು ಹೇಳಿ, ಶೃಂಗೇರಿ ಮಠದಲ್ಲಿ ದೊರೆತ ನೂರಾರು ಕಡತಗಳನ್ನು ಪ್ರಸ್ತಾಪಿಸಿದ್ದಾನೆ. ಕಂಬಳಿ ನೇಯುವ ಕುರುಬರು ಹಾಸಿನ ನೂಲಿಗೆ ಹಚ್ಚುವ 'ಸರಿ'ಯೂ ಹುಣಸೆಬೀಜದ್ದೇ.

ಬಳಪದ ಪುಡಿ ನೀರಿನಲ್ಲಿ ಕರಗುವುದಿಲ್ಲ; ಆದರೆ ಲೇಪದೊಳಕ್ಕೆ ಇಳಿಯುವುದೂ ಇಲ್ಲ, ಮೇಲೆ ಕುಳಿತಿರುತ್ತದೆ ಅಷ್ಟೆ. ಆದುದರಿಂದಲೇ ಕಡತದ ಬರಹವನ್ನು ಒರೆಸಿ ಮತ್ತೆ ಬರೆಯಲು ಸಾಧ್ಯವಾಗುತ್ತಿತ್ತು. ಹೀಗೆ ಒರೆಸಬಹುದಾದ ಕಡತದಲ್ಲಿ ಬರೆದ ಸಾಲಪತ್ರವೊಂದು ಸಾಕ್ಷ್ಯವಾಗಿ ಅಂಗೀಕೃತವಾದುದನ್ನು ತಾನೇ ಕಂಡುದಾಗಿ ವಿಲ್ಕ್ಸ್ ಹೇಳುತ್ತಾನೆ. ಆ ಕಾಲದ ವರ್ತಕರ ಪರಸ್ಪರ ವಿಶ್ವಾಸಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಸಂರಕ್ಷಕನ ಸಂಕಟ ಇಲ್ಲಿಂದಲೇ ಆರಂಭವಾಗುತ್ತದೆ. ತೇವ ತಗುಲಿದ ಕಡತದ ಮಡಿಕೆಗಳು ಒಂದಕ್ಕೊಂದು ಹತ್ತಿಕೊಂಡು ಒಣಗಿದರೆ ಹಲಗೆಯಂತೆ ಗಡುಸಾಗುತ್ತವೆ. ಅಂಟನ್ನು ಕರಗಿಸದೆ ಅವು ಬಿಡಿಸಿಕೊಳ್ಳವು; ಕರಗಿಸಿದರೆ ಅಕ್ಷರವನ್ನು ಹೊತ್ತ ನೆಲವೇ ಕರಗುತ್ತದೆ. ಸಾಮಾನ್ಯ ವಸ್ತ್ರದಲ್ಲಿ ಒಣಗಿದ ಅಂಟು ಮಲ, ಕಡತದಲ್ಲಿ ಅದೇ ಪತ್ರ.

ವಸ್ತ್ರಶುದ್ಧಿಯ ಬಗೆಗೆ ಪ್ರಾಚೀನರು ಉದಾಸೀನರಾಗಿರಲಿಲ್ಲ. ಮನುಸ್ಮೃತಿಯ ಐದನೆಯ ಅಧ್ಯಾಯವು ರೇಷ್ಮೆ ಮತ್ತು ಉಣ್ಣೆಗೆ ಚೌಳುಮಣ್ಣನ್ನೂ ಕಂಬಳಿಗೆ ಅಂಟುವಾಳವನ್ನೂ ಅಂಶುಪಟ್ಟಕ್ಕೆ ಬಿಲ್ವಫಲವನ್ನೂ ಕ್ಷೌಮಕ್ಕೆ ಬಿಳಿಯ ಸಾಸಿವೆಯನ್ನೂ ವಿಧಿಸುತ್ತದೆ. ಬೀಜಗಳ ಸುತ್ತ ಅಂಟನ್ನು ತುಂಬಿಕೊಂಡಿರುವ ಬಿಲ್ವವೇ ಇಲ್ಲಿ ಶೋಧಕವಾಗಿರುವುದು ವಿನೋದಕರ. ಎಳೆಯ ಜಾತಿಯನ್ನರಿತು ದ್ರವ್ಯವನ್ನು ಆರಿಸಬೇಕೆಂಬ ವಿವೇಕವಂತೂ ಇಲ್ಲಿ ಸ್ಪಷ್ಟವಾಗಿದೆ. ಆದರೆ ಇವೆಲ್ಲವೂ ಉಡುವ ವಸ್ತ್ರಕ್ಕೆ ಹೇಳಿದವು. ಲಿಖಿತ ವಸ್ತ್ರಕ್ಕೆ ಒಂದೂ ಸಲ್ಲದು.

ಅಂಟಿನ ಜಾತಿಯನ್ನೂ ಅರಿಯಬೇಕು. ವರಾಹಮಿಹಿರನು ಬೃಹತ್ಸಂಹಿತೆಯ ವಜ್ರಲೇಪಾಧ್ಯಾಯದಲ್ಲಿ ಕಾಯಿ, ತೊಗಟೆ, ರಾಳಗಳ ಲೇಪವನ್ನು ಹೇಳಿದಂತೆಯೇ ಕೊಂಬು, ಚರ್ಮಗಳಿಂದಾದ ಲೇಪವನ್ನೂ ಹೇಳಿದ್ದಾನೆ. ಎರಡನೆಯ ಬಗೆಯ ಸರೇಸು ಹಿಂಸಾಜನ್ಯವಾದುದರಿಂದ ಶ್ರುತಭಂಡಾರಕ್ಕೆ ಅನುಚಿತವೆಂಬುದನ್ನು ಪಂಡಿತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅದು ಬಿಸಿ ತೇವಕ್ಕೆ ಮೆತ್ತಗಾಗುತ್ತದೆ. ಗೋಧಿ, ಅಕ್ಕಿಗಳ ಗಂಜಿ ನೀರಿನಲ್ಲಿ ಉಬ್ಬುತ್ತದೆ. ಅಮೈಲೇಸ್ ಎಂಬ ಕಿಣ್ವವು ಅದನ್ನು ಒಡೆದು ಹತ್ತಿಯ ಎಳೆಯನ್ನು ಮುಟ್ಟದೆ ಬಿಡುತ್ತದೆ. ಹುಣಸೆಬೀಜದ ಅಂಟು ಹಾಗಲ್ಲ. ಅದರ ಬೆನ್ನೆಲುಬಿನ ರಚನೆ ಹತ್ತಿಯ ಸೆಲ್ಯುಲೋಸಿನದನ್ನೇ ಹೋಲುವುದರಿಂದ ಎಳೆಗೆ ಬಲವಾಗಿ ಹತ್ತಿಕೊಳ್ಳುತ್ತದೆ. ಅಮೈಲೇಸ್ ಅದನ್ನು ಮುಟ್ಟದು. ಅದನ್ನು ಒಡೆಯಬಲ್ಲ ಸೆಲ್ಯುಲೇಸ್ ಬಟ್ಟೆಯನ್ನೂ ತಿಂದೀತು. ಅಯೋಡಿನ್ ತಗುಲಿಸಿ ನೀಲಿ ಕಂಡೊಡನೆ ಗಂಜಿಯೆಂದು ನಿರ್ಣಯಿಸುವುದೂ ಸಾಧುವಲ್ಲ, ಏಕೆಂದರೆ ಹುಣಸೆಬೀಜದ ಅಂಟೂ ನೀಲಿಗೆ ತಿರುಗಬಲ್ಲುದು.

ಬಟ್ಟೆಗೂ ಅಂಟಿಗೂ ಇರುವ ಈ ಸಂಬಂಧ ಜೈನಾಚಾರ್ಯರ ಗಮನಕ್ಕೆ ಬಾರದೆ ಇರಲಿಲ್ಲ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಕಷಾಯಶಬ್ದವನ್ನು ವಿವರಿಸುವಾಗ, ಆಲ ಮೊದಲಾದವುಗಳ ಕಷಾಯವು ಅಂಟಿಗೆ ಕಾರಣವಾಗುವಂತೆ ಕ್ರೋಧಾದಿಗಳು ಆತ್ಮನಿಗೆ ಕರ್ಮ ಅಂಟಲು ಕಾರಣವೆಂದಿದ್ದಾರೆ. ಗೊಮ್ಮಟಸಾರದ ಜೀವಕಾಂಡವು ಲೋಭದ ನಾಲ್ಕು ತರತಮಗಳನ್ನು ಕ್ರಿಮಿರಾಗ, ಗಾಲಿಯ ಕೀಲು, ಮೈಕೊಳೆ, ಅರಿಸಿನಗಳ ಕಲೆಗಳಿಗೆ ಹೋಲಿಸಿದೆ. ಯಾವ ಕಲೆ ಎಷ್ಟು ಬೇಗ ಬಿಡುವುದೆಂಬ ಅಗಸರ ಅನುಭವವನ್ನು ಬಲ್ಲವರಿಗೇ ಇಂಥ ಹೋಲಿಕೆ ಹೊಳೆದೀತು.

ಕಾರ್ಯತಃ ಹೇಳುವುದಾದರೆ, ಹಿಂದಣವರು ಹರಿದಲ್ಲಿ ಗಂಜಿಯಿಂದ ಹಚ್ಚಿದ ತೇಪೆ ಬೇರೆ, ಲಿಪಿಕಾರನ ಮೂಲಲೇಪ ಬೇರೆ. ತೇಪೆಯ ಗಂಜಿ ಜಿರಲೆ, ಬೆಳ್ಳಿಮೀನು ಹುಳುಗಳನ್ನು ಕರೆಯುತ್ತದೆ, ಒಣಗಿ ಕುಗ್ಗಿ ಬಟ್ಟೆಯನ್ನು ಎಳೆಯುತ್ತದೆ. ಅದನ್ನು ತೆಗೆಯುವುದು ಯುಕ್ತ. ನೀರಿನಲ್ಲಿ ಅದ್ದಬಾರದು. ಬರಹವಿಲ್ಲದ ಅಂಚಿನಲ್ಲಿ ಮೊದಲು ಪರೀಕ್ಷಿಸಿ, ತೇವವನ್ನು ಹಿಡಿದಿಟ್ಟುಕೊಳ್ಳುವ ಗಟ್ಟಿ ಲೋಳೆಯನ್ನು ತೇಪೆಯ ಮೇಲಷ್ಟೇ ಇರಿಸಿ, ಗಂಜಿ ಮೆತ್ತಗಾದೊಡನೆ ಮೊಂಡು ಅಲಗಿನಿಂದ ಎಳೆಯ ದಿಕ್ಕಿನಲ್ಲೇ ಎತ್ತಬೇಕು. ಗಿರಣಿಗಳಲ್ಲಿ ಹಿಂದೆ ಬಟ್ಟೆಯನ್ನು ರಾತ್ರಿಯಿಡೀ ನೆನೆಸಿ ಗಂಜಿಯನ್ನು ಹುಳಿಯಿಸಿ ಬಿಡಿಸುತ್ತಿದ್ದ ಕ್ರಮವು ಎಳೆಗೂ ಅಪಾಯಕರ, ಸೂಕ್ಷ್ಮಜೀವಿಗಳ ದೃಷ್ಟಿಯಿಂದಲೂ ವರ್ಜ್ಯ. ಮೂಲಲೇಪವೇ ಹತ್ತಿಕೊಂಡಿರುವ ಮಡಿಕೆಗಳನ್ನಾದರೋ ಬಲವಂತದಿಂದ ಬಿಡಿಸದೆ, ಒಣಗಿದ ಸ್ಥಳದಲ್ಲಿ, ಮೇಲೆ ಭಾರವಿಡದೆ, ಇದ್ದಂತೆಯೇ ಕಾಪಾಡುವುದು ಲೇಸು.