ಮುಂಭಾರ, ಹಿಂಭಾರ: ಹವ್ಯಾಸಿ ಕಾರು ಹೊರುವ ಟ್ರೇಲರುಗಳು ಬೆಳೆದ ಬಗೆ

1914ರಲ್ಲಿ ಡೆಟ್ರಾಯಿಟಿನ ಮರದ ವ್ಯಾಪಾರಿ ಫ್ರೆಡರಿಕ್ ಸಿಬ್ಲಿಗೆ ತನ್ನ ದೋಣಿಯನ್ನು ಮಿಶಿಗನ್ ರಾಜ್ಯದ ಉತ್ತರಕ್ಕೆ ಒಯ್ಯಬೇಕಿತ್ತು. ಕೈಯಲ್ಲಿ ಇದ್ದದ್ದು ಒಂದು ಫೋರ್ಡ್ ಮಾಡೆಲ್ ಟಿ ಕಾರು. ಕಮ್ಮಾರ ಆಗಸ್ಟ್ ಫ್ರೂಹಾಫ್‌ನ ಕುಲುಮೆಗೆ ಹೋಗಿ, ಕಾರಿಗೆ ಕಟ್ಟಿ ಎಳೆಯುವಂಥ ಗಾಡಿಯೊಂದನ್ನು ಮಾಡಿಕೊಡು ಎಂದ. ದೋಣಿ ಸುಖವಾಗಿ ಹೋಗಿ ಸೇರಿತು. ಸಿಬ್ಲಿ ಮರ ಸಾಗಿಸುವುದಕ್ಕೂ ಅಂಥದ್ದೇ ಬೇಕೆಂದು ಮತ್ತೆ ಬಂದ. ಸೆಮಿ-ಟ್ರೇಲರ್ ಎಂಬ ಹೆಸರಿನೊಂದಿಗೆ ಹೆದ್ದಾರಿಗಳನ್ನು ತುಂಬಿದ ಫ್ರೂಹಾಫ್ ಕಂಪನಿ ಬೆಳೆದದ್ದು ಆ ದೋಣಿಯಿಂದ. ಇಂದು ಸರಕು ಹೊರುವ ಗಾಡಿಗಳ ವಂಶದಲ್ಲಿ ಒಬ್ಬನ ರಜೆಯ ಖುಷಿಯೂ ಸೇರಿದೆ ಎಂಬುದು ನನಗೆ ಬಹಳ ಪ್ರೀತಿಯ ಸಂಗತಿ.

ಕಾರನ್ನೇ ಹೊರುವ ಟ್ರೇಲರ್ ಇನ್ನೂ ಹಿಂದಿನದು. ಕ್ಲೀವ್‌ಲ್ಯಾಂಡಿನ ಅಲೆಕ್ಸಾಂಡರ್ ವಿಂಟನ್ 1898-99ರ ಹೊತ್ತಿಗೆ ತನ್ನ ಕಾರ್ಖಾನೆಯ ಕಾರುಗಳನ್ನು ಗಿರಾಕಿಗಳಿಗೆ ತಲುಪಿಸಲು ಅಂಥದ್ದನ್ನು ಮಾಡಿಸಿದ್ದ. ಅಂದಿನ ರಸ್ತೆಗಳಲ್ಲಿ ಓಡಿಸಿಕೊಂಡು ಹೋದರೆ, ಗಿರಾಕಿಯ ಬಾಗಿಲು ಮುಟ್ಟುವಷ್ಟರಲ್ಲಿ ಹೊಸ ಕಾರು ಹಳತಾಗಿರುತ್ತಿತ್ತು. ಹಳೆಯ ಕಾರನ್ನೋ ರೇಸ್ ಕಾರನ್ನೋ ಸಾಕಿಕೊಂಡಿರುವವರಿಗೆ ಇವತ್ತಿಗೂ ಇರುವುದು ಇದೇ ಚಿಂತೆ: ಊರು ತಲುಪುವ ಮುಂಚೆ ಅದು ಸವೆಯಬಾರದು, ದಾರಿಯಲ್ಲಿ ಕೆಡಬಾರದು.

ಎಂಜಿನ್ ಇಲ್ಲದ ಗಾಡಿಗೆ ಓಡುವ ಚಿಂತೆ ಇಲ್ಲ. ಅದರ ವಿದ್ಯೆಯೆಲ್ಲ ಇರುವುದು ನಿಲ್ಲುವುದರಲ್ಲಿ, ಓಲಾಡದೆ ಹಿಂಬಾಲಿಸುವುದರಲ್ಲಿ. ಈ ಕ್ಷೇತ್ರ ಬೆಳೆದ ಕತೆಯನ್ನು ಬಣ್ಣದ ಪೆಟ್ಟಿಗೆಗಳ ಕತೆಯಾಗಿ ಹೇಳುವವರೇ ಹೆಚ್ಚು. ನಿಜವಾದ ಬೆಳವಣಿಗೆ ನಡೆದದ್ದು ಮಾತ್ರ ಹಲಗೆಯ ಕೆಳಗೆ.

ಎರಡನೆಯ ಮಹಾಯುದ್ಧದ ಮುಂಚೆ ದಕ್ಷಿಣ ಕ್ಯಾಲಿಫೋರ್ನಿಯದ ಹುಡುಗರು ತಮ್ಮ ಫೋರ್ಡ್ ಕಾರುಗಳನ್ನು ತಾವೇ ಓಡಿಸಿಕೊಂಡು ಮ್ಯೂರಾಕ್, ಎಲ್ ಮಿರಾಜ್‌ನಂಥ ಒಣಕೆರೆಗಳಿಗೆ ಹೋಗುತ್ತಿದ್ದರು. ಅಲ್ಲಿ ಮಡ್‌ಗಾರ್ಡ್, ದೀಪ ಬಿಚ್ಚಿಟ್ಟು ವೇಗ ಪರೀಕ್ಷಿಸಿ, ಮತ್ತೆ ಜೋಡಿಸಿ ಮನೆಗೆ ಮರಳುವುದು ರೂಢಿ. ಆಗ ಟ್ರೇಲರ್ ಯಾರಿಗೂ ಬೇಕಿರಲಿಲ್ಲ. 1946ರಲ್ಲಿ ಬಿಲ್ ಬರ್ಕ್ ಯುದ್ಧವಿಮಾನದ ಇಂಧನ ಟ್ಯಾಂಕನ್ನೇ ಮೈ ಮಾಡಿಕೊಂಡು ಕಾರೊಂದನ್ನು ಕಟ್ಟಿದ. ಅಂಥದ್ದನ್ನು ರಸ್ತೆಗೆ ತರುವ ಹಾಗೇ ಇರಲಿಲ್ಲ. 1949ರಲ್ಲಿ ಬಾನವಿಲ್‌ನ ಉಪ್ಪಿನ ಬಯಲಿನಲ್ಲಿ ವೇಗದ ಕೂಟ ಶುರುವಾಯಿತು, 1951ರಲ್ಲಿ ವಾಲಿ ಪಾರ್ಕ್ಸ್ ಡ್ರ್ಯಾಗ್ ರೇಸಿಗೆಂದೇ ಎನ್‌ಎಚ್‌ಆರ್‌ಎ ಸಂಸ್ಥೆ ಕಟ್ಟಿದರು. ಕಾರು ವೇಗಕ್ಕೆಂದೇ ರೂಪುಗೊಳ್ಳುತ್ತ ಹೋದಷ್ಟೂ ರಸ್ತೆಗೆ ಪರಕೀಯವಾಯಿತು, ಹೊತ್ತೊಯ್ಯುವ ಗಾಡಿ ಅನಿವಾರ್ಯವಾಯಿತು.

ಮೊದಲ ಉಪಾಯ ಅಗ್ಗದ್ದು. ಕಾರಿನ ಮುಂದಕ್ಕೆ ತ್ರಿಕೋನದ ಕಬ್ಬಿಣದ ಸರಳು ಬಿಗಿದು, ಅದರ ನಾಲ್ಕೂ ಚಕ್ರಗಳ ಮೇಲೆಯೇ ಎಳೆದೊಯ್ಯುವುದು. ಇದರ ಕಷ್ಟಗಳು ಬೇಗನೆ ಗೊತ್ತಾದವು. ಹಿಮ್ಮುಖವಾಗಿ ತಳ್ಳಲು ಹೋದರೆ ಕಾರಿನ ಸ್ಟೀರಿಂಗ್ ತನ್ನಿಷ್ಟಕ್ಕೆ ತಿರುಗಿಕೊಳ್ಳುತ್ತದೆ. ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಕಾರಾದರೆ ಎಂಜಿನ್ ನಿಂತಿರುವಾಗ ಎಣ್ಣೆ ಪಂಪೂ ನಿಂತಿರುತ್ತದೆ, ಚಕ್ರ ಮಾತ್ರ ತಿರುಗುತ್ತಲೇ ಇರುತ್ತದೆ. ಒಳಗಿನ ಭಾಗಗಳು ಒಣಗಿ ಸುಟ್ಟುಹೋಗುತ್ತವೆ. 1959ರಲ್ಲಿ ಡ್ರ್ಯಾಗ್ ರೇಸಿನ ಚಾಲಕ ಡಾನ್ ಗಾರ್ಲಿಟ್ಸ್ ಫ್ಲಾರಿಡಾದಿಂದ ಕ್ಯಾಲಿಫೋರ್ನಿಯದ ಬೇಕರ್ಸ್‌ಫೀಲ್ಡಿಗೆ ತಮ್ಮ ಡ್ರ್ಯಾಗ್‌ಸ್ಟರ್ ಒಯ್ದರು. ಸುಮಾರು ನಾಲ್ಕು ಸಾವಿರ ಕಿಲೋಮೀಟರ್ ದಾರಿ. ಅಷ್ಟು ದೂರದ ರೇಸಿಗೆ ಹೋಗುವವರು ಹೆಚ್ಚಿದಂತೆ ಮನೆಯ ಹಿತ್ತಿಲಲ್ಲಿ ವೆಲ್ಡಿಂಗಿನ ಕಿಡಿ ಹಾರತೊಡಗಿತು.

ಹಿತ್ತಿಲ ಟ್ರೇಲರುಗಳಿಗೆ ಬೇಕಾದ ಸಾಮಾನು ಹೆಚ್ಚಾಗಿ ಗುಜರಿಯದು. ಚಾನೆಲ್ ಕಬ್ಬಿಣದ ಚೌಕಟ್ಟು, ಮೇಲೆ ಎರಡು ಸಾಲು ಹಲಗೆ, ಕೆಳಗೆ ಮೊಬೈಲ್ ಹೋಮಿನಿಂದ ಬಿಚ್ಚಿದ ಅಚ್ಚುಗಳು. ಆ ಅಚ್ಚುಗಳು ಕಾರ್ಖಾನೆಯಿಂದ ನಿವೇಶನದವರೆಗೆ ಒಂದೆರಡು ಸಲ ಮನೆಯನ್ನು ಸಾಗಿಸಲು ಮಾಡಿದಂಥವು. ವಾರವಾರವೂ ರೇಸಿಗೆ ಎಳೆದರೆ ತಡೆಯುವುದೆಲ್ಲಿಂದ? ದಾರಿಬದಿಯಲ್ಲಿ ಟೈರು ಸಿಡಿದು ನಿಂತ ಟ್ರೇಲರ್ ಆ ಕಾಲದ ಸಾಮಾನ್ಯ ನೋಟ.

ಯೂರೋಪಿನ ಶ್ರೀಮಂತ ತಂಡಗಳು ಬೇರೆ ದಾರಿ ಹಿಡಿದವು. ಅಲ್ಲಿ ಕಾರನ್ನು ಹೊತ್ತದ್ದು ಲಾರಿ. 1955ರಲ್ಲಿ ಮರ್ಸಿಡಿಸ್-ಬೆಂಜ್ ಕಟ್ಟಿದ ನೀಲಿ ಗಾಡಿಯನ್ನು ನೆನೆಯದೆ ಮುಂದೆ ಹೋಗಲಾರೆ. ಅದಕ್ಕೆ 300 ಎಸ್‌ಎಲ್ ಸ್ಪೋರ್ಟ್ಸ್ ಕಾರಿನ 192 ಅಶ್ವಶಕ್ತಿಯ ಎಂಜಿನ್. ಬೆನ್ನ ಮೇಲೆ ರೇಸ್ ಕಾರು ಹೊತ್ತುಕೊಂಡು ಗಂಟೆಗೆ 170 ಕಿಲೋಮೀಟರ್ ಓಡುತ್ತಿತ್ತು. ಕೆಟ್ಟ ಕಾರನ್ನು ರಾತ್ರೋರಾತ್ರಿ ಕಾರ್ಖಾನೆಗೆ ಮುಟ್ಟಿಸಬೇಕೆಂಬುದು ಅದರ ಹಿಂದಿನ ಲೆಕ್ಕ. ಆ ವರ್ಷದ ಕೊನೆಗೆ ಕಂಪನಿ ರೇಸನ್ನೇ ಬಿಟ್ಟಿತು, 1967ರಲ್ಲಿ ಗಾಡಿ ಗುಜರಿಗೆ ಹೋಯಿತು. ಆಮೇಲೆ ಅದೇ ಕಂಪನಿ ಹಳೆಯ ಫೋಟೊಗಳನ್ನು ನೋಡಿಕೊಂಡು ಸುಮಾರು 6,000 ಗಂಟೆಗಳ ಕೆಲಸ ಸುರಿದು ಮತ್ತೆ ಕಟ್ಟಿತು. ಸ್ಕಾಟ್ಲೆಂಡಿನ ಇಕ್ಯೂರಿ ಇಕಾಸ್ ತಂಡದ ಲಾರಿಯೂ ಅಷ್ಟೇ ಪ್ರಸಿದ್ಧ. ಮೂರು ಕಾರು ಹೊರುತ್ತಿದ್ದ ಅದು 2013ರ ಹರಾಜಿನಲ್ಲಿ ಸುಮಾರು 18 ಲಕ್ಷ ಪೌಂಡಿಗೆ ಹೋಯಿತು. ಇವು ಕಣ್ಣಿಗೆ ಹಬ್ಬ, ನಿಜ. ಸಂಬಳದಲ್ಲಿ ಬದುಕುವ ಹವ್ಯಾಸಿಗೆ ಇವುಗಳಿಂದ ಸಿಕ್ಕಿದ್ದು ಕಡಿಮೆ.

ಅವನಿಗೆ ನಿಜವಾಗಿ ಸಿಕ್ಕ ವರವೆಂದರೆ ವಿದ್ಯುತ್ ಬ್ರೇಕು. ಅದರ ಹಿಂದೆ ಇದ್ದವರು ವಿಸ್ಕಾನ್ಸಿನ್ ರಾಜ್ಯದ ಬಿಲಾಯಿಟ್ ಊರಿನ ಆರ್ಥರ್ ವಾರ್ನರ್, ಕಾರಿನ ಸ್ಪೀಡೋಮೀಟರಿಗಾಗಿ ಹೆಸರಾದವರು. 1920ರ ದಶಕದ ಕೊನೆಗೆ ಅವರು ತಂದ ಉಪಾಯ ಇಂದಿಗೂ ಹೆಚ್ಚುಕಮ್ಮಿ ಹಾಗೆಯೇ ಇದೆ. ಚಕ್ರದ ಡ್ರಮ್ಮಿನ ಒಳಗೆ ಬಿಸ್ಕತ್ತಿನ ಗಾತ್ರದ ವಿದ್ಯುತ್ ಅಯಸ್ಕಾಂತ ಒಂದು ಸನ್ನೆಯ ತುದಿಯಲ್ಲಿ ಕೂತಿರುತ್ತದೆ. ಮುಂದಿನ ವಾಹನದ ಚಾಲಕ ಬ್ರೇಕ್ ತುಳಿದಾಗ ತಂತಿಯಲ್ಲಿ ಕರೆಂಟು ಹರಿದು, ಅಯಸ್ಕಾಂತ ತಿರುಗುವ ಡ್ರಮ್ಮಿನ ಮುಖಕ್ಕೆ ಅಂಟಿಕೊಳ್ಳುತ್ತದೆ. ಡ್ರಮ್ ಅದನ್ನು ತನ್ನ ಜೊತೆ ಎಳೆದುಕೊಂಡು ಹೋಗಲು ನೋಡುತ್ತದೆ, ಸನ್ನೆ ತಿರುಗುತ್ತದೆ, ಬ್ರೇಕ್ ಶೂಗಳು ಅಗಲಿ ಡ್ರಮ್ಮನ್ನು ಹಿಡಿಯುತ್ತವೆ. ಚಕ್ರದ ಬಲದಿಂದಲೇ ಚಕ್ರವನ್ನು ನಿಲ್ಲಿಸುವ ಈ ಜಾಣತನಕ್ಕೆ ಬೇಕಾದ್ದು ಒಂದೊಂದು ಚಕ್ರಕ್ಕೆ ಸುಮಾರು ಮೂರು ಆಂಪಿಯರ್ ಮಾತ್ರ. ಟ್ರೇಲರ್ ಕಳಚಿಕೊಂಡರೆ ಪಿನ್ನೊಂದು ಕಿತ್ತುಬಂದು, ಅದರದೇ ಪುಟ್ಟ ಬ್ಯಾಟರಿ ಬ್ರೇಕ್ ಹಿಡಿಸುತ್ತದೆ.

ಈ ಕರೆಂಟನ್ನು ಅಳೆದು ಕೊಡುವ ಪೆಟ್ಟಿಗೆ ಕಾಲಕಾಲಕ್ಕೆ ಸುಧಾರಿಸಿತು. ಒಂದು ಬಗೆಯದು ಪೆಡಲ್ ತುಳಿದೊಡನೆ ಮೊದಲೇ ಹೊಂದಿಸಿದ ಹಾಗೆ ಕರೆಂಟು ಏರಿಸುತ್ತಿತ್ತು, ಚಾಲಕ ಮೆಲ್ಲಗೆ ತುಳಿದನೋ ಜೋರಾಗಿ ತುಳಿದನೋ ಅದಕ್ಕೆ ಗೊತ್ತಿಲ್ಲ. ಅದಕ್ಕಿಂತ ಸೂಕ್ಷ್ಮವಾದದ್ದು ವಾಹನ ಎಷ್ಟು ರಭಸದಲ್ಲಿ ನಿಧಾನವಾಗುತ್ತಿದೆ ಎಂಬುದನ್ನು ಅಳೆದು ಅಷ್ಟೇ ಕೊಡುತ್ತದೆ. 2005ರಲ್ಲಿ ಫೋರ್ಡ್ ತನ್ನ ದೊಡ್ಡ ಪಿಕಪ್‌ಗಳಲ್ಲಿ ಕರೆಂಟು ಅಳೆದು ಕೊಡುವ ಪೆಟ್ಟಿಗೆಯನ್ನು ಕಾರ್ಖಾನೆಯಲ್ಲೇ ಕೂರಿಸಿತು. ಯೂರೋಪಿನಲ್ಲಿ 750 ಕಿಲೋ ಮೀರಿದ ಟ್ರೇಲರಿಗೆ ಬ್ರೇಕ್ ಕಡ್ಡಾಯ. ಅಲ್ಲಿ ಬಳಕೆಯಲ್ಲಿರುವುದು ತಳ್ಳು-ಬ್ರೇಕು: ಮುಂದಿನ ಕಾರು ನಿಧಾನವಾದಾಗ ಟ್ರೇಲರ್ ಅದನ್ನು ನೂಕುತ್ತದಲ್ಲ, ಆ ನೂಕುವ ಬಲವೇ ಬ್ರೇಕನ್ನು ಎಳೆಯುತ್ತದೆ. ಮಂಡ್ಯದ ಕಡೆ ಕಬ್ಬು ಹೇರಿಕೊಂಡ ಎರಡು ಟ್ರೇಲರುಗಳನ್ನು ಬ್ರೇಕಿಲ್ಲದೆ ಎಳೆಯುವ ಟ್ರ್ಯಾಕ್ಟರನ್ನು ಕಂಡಾಗಲೆಲ್ಲ ನನಗೆ ವಾರ್ನರ್ ಅವರ ಅಯಸ್ಕಾಂತದ ನೆನಪಾಗುತ್ತದೆ. ಬಿಲಾಯಿಟಿನ ಈ ಉಪಾಯ ನಮ್ಮ ಕಬ್ಬಿನ ಗಾಡಿಗೆ ಇನ್ನೂ ಬರಲಿಲ್ಲ ಎಂಬುದು ನನ್ನನ್ನು ನೋಯಿಸುತ್ತದೆ.

ಬ್ರೇಕಿನಷ್ಟೇ ಮುಖ್ಯವಾದದ್ದು ತೂಕದ ಹದ. ಎತ್ತಿನ ಗಾಡಿ ಹೂಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ಮುಂಭಾರವಾದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ. ಟ್ರೇಲರಿಗೂ ಮಾತು ಅದೇ, ಆದರೆ ಶಿಕ್ಷೆ ಘೋರ. ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಹಿಂಭಾರದ ಟ್ರೇಲರ್ ಒಮ್ಮೆ ಬಾಲ ಆಡಿಸಲು ತೊಡಗಿತೆಂದರೆ ಪ್ರತಿ ಓಲಾಟವೂ ಹಿಂದಿನದಕ್ಕಿಂತ ದೊಡ್ಡದಾಗುತ್ತದೆ, ಕೊನೆಗೆ ಎಳೆಯುವ ವಾಹನವನ್ನೇ ತಿರುಗಿಸಿ ಹಳ್ಳಕ್ಕೆ ಹಾಕುತ್ತದೆ. ಅಮೆರಿಕದ ಸೂತ್ರ: ಒಟ್ಟು ತೂಕದ ನೂರಕ್ಕೆ 10ರಿಂದ 15 ಪಾಲು ಎಳೆಯುವ ವಾಹನದ ಕೊಂಡಿಯ, ಅಂದರೆ ಹಿಚ್ಚಿನ, ಗುಂಡಿನ ಮೇಲೆ ಕೂರಬೇಕು. ಯೂರೋಪಿನಲ್ಲಿ ಬಹಳಷ್ಟು ಕಾರುಗಳ ಹಿಚ್ಚು ತಡೆಯುವುದು 75ರಿಂದ 100 ಕಿಲೋ ಮಾತ್ರ, ಹಾಗಾಗಿ ಅಲ್ಲಿನ ಟ್ರೇಲರುಗಳ ಅಚ್ಚು ನಡುವಿಗೆ ಹತ್ತಿರ, ವೇಗದ ಮಿತಿಯೂ ಕಡಿಮೆ. ಬ್ರಿಟನ್ನಿನಲ್ಲಿ ಗಂಟೆಗೆ 60 ಮೈಲಿ, ಜರ್ಮನಿಯಲ್ಲಿ 80 ಕಿಲೋಮೀಟರ್, ವಿಶೇಷ ಅನುಮತಿ ಇದ್ದರೆ 100. ಎರಡು ಖಂಡಗಳು ಒಂದೇ ಸಮಸ್ಯೆಗೆ ಹೀಗೆ ಎರಡು ಉತ್ತರ ಕಂಡುಕೊಂಡಿವೆ.

ಕಾರನ್ನು ಹಲಗೆಯ ಮೇಲೆ ನಿಲ್ಲಿಸುವ ಜಾಗ ಇದರಿಂದಲೇ ನಿರ್ಧಾರವಾಗುತ್ತದೆ. ಎಂಜಿನ್ ಮುಂದಿರುವ ಮಸ್ಟಾಂಗನ್ನು ನೆಟ್ಟಗೆ ಹತ್ತಿಸಿದರೆ ಆಯಿತು. ಹಿಂದೆ ಎಂಜಿನ್ ಇರುವ ಪೋರ್ಷೆ 911 ಕಾರನ್ನು ಅದೇ ಜಾಗದಲ್ಲಿ ನಿಲ್ಲಿಸಿದರೆ ಹಿಂಭಾರ ಖಂಡಿತ; ಬಲ್ಲವರು ಅದನ್ನು ರಿವರ್ಸಿನಲ್ಲಿ ಹತ್ತಿಸುತ್ತಾರೆ.

1970ರ ದಶಕದಿಂದ ಹಿತ್ತಿಲ ಕೆಲಸ ಕಾರ್ಖಾನೆಗೆ ಹೋಯಿತು. 1973ರಲ್ಲಿ ಅಮೆರಿಕದಲ್ಲಿ ಫೆದರ್‌ಲೈಟ್ ಕಂಪನಿ ಹುಟ್ಟಿ, ಅಲ್ಯೂಮಿನಿಯಂ ಟ್ರೇಲರುಗಳಿಗೆ ಹೆಸರಾಯಿತು. ಬ್ರಿಟನ್ನಿನಲ್ಲಿ ಅದೇ ದಶಕದ ಕೊನೆಗೆ ಬ್ರಯನ್ ಜೇಮ್ಸ್ ಕಂಪನಿ ಕಾರು ಹೊರುವ ಟ್ರೇಲರುಗಳನ್ನೇ ಕಸುಬು ಮಾಡಿಕೊಂಡಿತು. ಹದಿನೆಂಟು ಅಡಿಯ ಉಕ್ಕಿನ ತೆರೆದ ಟ್ರೇಲರ್ ಸುಮಾರು 900 ಕಿಲೋ ತೂಗಿದರೆ ಅಲ್ಯೂಮಿನಿಯಮ್ಮಿನದು 700ರ ಆಸುಪಾಸು. ಆ 200 ಕಿಲೋ ಉಳಿತಾಯ ಸಣ್ಣ ಪಿಕಪ್ ಇರುವವನಿಗೆ ದೊಡ್ಡ ಸಮಾಧಾನ. ಎಲೆಪಟ್ಟಿ ಸ್ಪ್ರಿಂಗುಗಳ ಜಾಗಕ್ಕೆ ರಬ್ಬರಿನ ಟಾರ್ಶನ್ ಅಚ್ಚು ಬಂತು, ಹಲಗೆ ನೆಲಕ್ಕೆ ಇನ್ನಷ್ಟು ಹತ್ತಿರವಾಯಿತು.

1982ರಲ್ಲಿ ಅಮೆರಿಕದ ಸಾರಿಗೆ ಕಾನೂನು ಹೆದ್ದಾರಿಯಲ್ಲಿ ಲಾರಿಗಳ ಅಗಲವನ್ನು 96 ಇಂಚಿನಿಂದ 102 ಇಂಚಿಗೆ ಏರಿಸಿತು. ಲಾರಿಗಳಿಗಾಗಿ ಬಂದ ಆ ಆರು ಇಂಚು ಹವ್ಯಾಸಿಗಳ ಮುಚ್ಚಿದ ಟ್ರೇಲರಿಗೂ ಸಿಕ್ಕಿತು, ಎಂಟೂವರೆ ಅಡಿ ಅಗಲದ ಪೆಟ್ಟಿಗೆ ರೂಢಿಗೆ ಬಂತು. ಆದರೂ ಒಂದು ತೊಡಕು ಉಳಿಯಿತು. ಟ್ರೇಲರಿನ ಚಕ್ರಗಳ ಮೇಲಿನ ಗೂಡು ಪೆಟ್ಟಿಗೆಯ ಒಳಗೆ ಚಾಚಿಕೊಂಡಿರುವುದರಿಂದ, ಕಾರನ್ನು ಒಳಗೆ ಓಡಿಸಿದವನು ಬಾಗಿಲು ತೆರೆದು ಇಳಿಯುವಂತಿಲ್ಲ. ಎಷ್ಟೋ ವರ್ಷ ಜನ ಕಿಟಕಿಯಿಂದ ನುಸುಳಿ ಹೊರಬಂದರು. ಈಚೆಗೆ ಎಡಗೋಡೆಯಲ್ಲಿ ಅಗಲದ ಬಾಗಿಲು ಕೊರೆದು, ಗೂಡನ್ನೂ ಕಳಚುವಂತೆ ಮಾಡಿದ್ದಾರೆ. ಅಥವಾ ಕಾರಿಗೆ ಯಾರೂ ಹತ್ತುವುದೇ ಬೇಡ, ವಿಂಚ್ ಎಳೆದುಕೊಳ್ಳುತ್ತದೆ. ಇಪ್ಪತ್ತನಾಲ್ಕು ಅಡಿಯ ಮುಚ್ಚಿದ ಟ್ರೇಲರ್ ಖಾಲಿಯೇ ಸುಮಾರು 1,800 ಕಿಲೋ ತೂಗುತ್ತದೆ. ಮಳೆ, ಕಲ್ಲು, ಕಳ್ಳರ ಕಣ್ಣು ಮೂರರಿಂದಲೂ ಕಾರನ್ನು ಕಾಯುವ ಬೆಲೆ ಅದು. ಕಳ್ಳರು ಹೋಟೆಲಿನ ಪಾರ್ಕಿಂಗಿನಿಂದ ಟ್ರೇಲರನ್ನೇ ಎಳೆದೊಯ್ದ ಪ್ರಸಂಗಗಳೂ ಇರುವುದರಿಂದ ಚಕ್ರಕ್ಕೊಂದು ಬೀಗ ಬೇಕೇ ಬೇಕು.

ಕಾರನ್ನು ಕಟ್ಟುವ ಬಗೆಯಲ್ಲೂ ಜನ ಕಲಿತಿದ್ದಾರೆ. ಮೊದಲು ಸರಪಳಿಯಿಂದ ಚಾಸಿಯನ್ನು ಬಿಗಿಯುತ್ತಿದ್ದರು. ದಾರಿಯ ಗುಂಡಿಗಳಲ್ಲಿ ಕಾರಿನ ಸ್ಪ್ರಿಂಗ್ ಕುಗ್ಗಿ ಹಿಗ್ಗಿದಾಗ ಸರಪಳಿ ಸಡಿಲಾಗಿ, ಮರುಕ್ಷಣ ಜಗ್ಗುತ್ತಿತ್ತು. ಈಗ ಟೈರಿಗೇ ಬಲೆಯಂತೆ ಬೆಲ್ಟು ಹಾಕಿ ರ‍್ಯಾಚೆಟ್ಟಿನಿಂದ ಬಿಗಿಯುವುದು ಹೆಚ್ಚು. ಮೈ ತನ್ನ ಸ್ಪ್ರಿಂಗಿನ ಮೇಲೆ ಸಹಜವಾಗಿ ಆಡಿಕೊಂಡಿರುತ್ತದೆ. ವಾಣಿಜ್ಯ ಸಾಗಣೆಗೆ ಅಮೆರಿಕದಲ್ಲಿರುವ ನಿಯಮ, ಬೆಲ್ಟುಗಳ ಒಟ್ಟು ಸಾಮರ್ಥ್ಯ ಹೊರೆಯ ಅರ್ಧ ತೂಕಕ್ಕಾದರೂ ಸಮ ಇರಬೇಕು ಎನ್ನುತ್ತದೆ. ನನ್ನ ಮಟ್ಟಿಗೆ ಅದು ತೀರಾ ಕನಿಷ್ಠ. ನಾಲ್ಕು ಚಕ್ರಕ್ಕೆ ನಾಲ್ಕು ಬೆಲ್ಟು ಹಾಕದೆ ನಾನು ಹೊರಡುವುದಿಲ್ಲ.

ನನ್ನದು 1969ರ ಎಂಜಿಬಿ ಕಾರು, ಸುಮಾರು ಸಾವಿರ ಕಿಲೋ. ಮಿಶಿಗನ್‌ನಲ್ಲಿ ನೆಲೆಸಿದ ಮೇಲೆ ಅದಕ್ಕಾಗಿ ಹಳೆಯ ಉಕ್ಕಿನ ಟ್ರೇಲರೊಂದನ್ನು ಕೊಂಡೆ. ಬೇರಿಂಗಿಗೆ ಹೊಸ ಗ್ರೀಸ್ ತುಂಬಿದೆ ಎಂದು ಮಾರಿದವರು ಹೇಳಿದರು, ನಾನು ಬಿಚ್ಚಿ ನೋಡಲಿಲ್ಲ. ಓಹಾಯೊ ಗಡಿ ದಾಟಿ ಅರ್ಧ ಗಂಟೆಗೆ ಕನ್ನಡಿಯಲ್ಲಿ ಬಲಚಕ್ರದಿಂದ ಹೊಗೆ ಕಂಡಿತು. ನಿಲ್ಲಿಸಿ ನೋಡಿದರೆ ಅಚ್ಚಿನ ತುದಿ ಕಾದು ನೀಲಿಗಟ್ಟಿತ್ತು. ಇನ್ನು ಹತ್ತು ಮೈಲಿ ಹೋಗಿದ್ದರೆ ಚಕ್ರವೇ ಕಳಚಿ ಯಾರ ಮೇಲಾದರೂ ಉರುಳುತ್ತಿತ್ತು. ಅಂದಿನಿಂದ ಪ್ರತಿ ನಿಲುಗಡೆಯಲ್ಲೂ ನಾಲ್ಕು ಹಬ್ಬುಗಳ ಬಳಿ ಅಂಗೈಯ ಹಿಂಬದಿ ಹಿಡಿದು ನೋಡುತ್ತೇನೆ. ಟೈರಿನ ವಿಷಯವೂ ಹಾಗೆಯೇ. ವರ್ಷದಲ್ಲಿ ಹತ್ತು ತಿಂಗಳು ನಿಂತೇ ಇರುವ ಟ್ರೇಲರಿನ ಟೈರು ಸವೆದು ಸಾಯುವುದಿಲ್ಲ, ಬಿಸಿಲಿಗೆ ಬಿರಿದು ಸಾಯುತ್ತದೆ. ಟೈರಿನ ಮೇಲಿನ ಗೆರೆಗಳು ಎಷ್ಟೇ ಚೆನ್ನಾಗಿದ್ದರೂ ಐದಾರು ವರ್ಷಕ್ಕೆ ಬದಲಾಯಿಸಬೇಕು.

ಈಚಿನ ಹತ್ತು ಹದಿನೈದು ವರ್ಷಗಳಲ್ಲಿ ಬುದ್ಧಿಯೆಲ್ಲ ಎಳೆಯುವ ವಾಹನಕ್ಕೆ ಹೋಗಿದೆ. 2016ರ ಫೋರ್ಡ್ ಎಫ್-150 ಪಿಕಪ್‌ನಲ್ಲಿ ಗುಬುಟು ತಿರುಗಿಸಿದರೆ ಸ್ಟೀರಿಂಗ್ ತಾನೇ ತಿರುಗಿ ಟ್ರೇಲರನ್ನು ಹಿಂದಕ್ಕೆ ಒಯ್ಯುವ ಏರ್ಪಾಡು ಬಂತು. ವಿದ್ಯುತ್ ಪಿಕಪ್‌ಗಳು ಎಳೆಯುವ ಬಲದಲ್ಲಿ ಯಾವುದಕ್ಕೂ ಕಡಿಮೆಯಿಲ್ಲ, ಆದರೆ ಎತ್ತರದ ಟ್ರೇಲರ್ ಕಟ್ಟಿದರೆ ಒಂದು ಚಾರ್ಜಿನಲ್ಲಿ ಹೋಗುವ ದೂರ ಸುಮಾರು ಅರ್ಧಕ್ಕಿಳಿಯುತ್ತದೆ. ಗಾಳಿಯನ್ನು ಸೀಳುವ ಪೆಟ್ಟಿಗೆಯ ಆಕಾರಕ್ಕೆ ಇಷ್ಟು ದಿನ ಸಿಗದಿದ್ದ ಗಮನ ಇನ್ನಾದರೂ ಸಿಗಬೇಕು.

ಕಳೆದ ವಸಂತದಲ್ಲಿ ನನ್ನ ಟ್ರೇಲರಿಗೆ ಹೊಸ ಹಲಗೆ ಹಾಸಿದೆ. ಕಾರಿನ ಮುಂಚಕ್ರ ನಿಲ್ಲಬೇಕಾದ ಕಡೆ ಬಳಿದಿದ್ದ ಬಿಳಿ ಗೆರೆ ಹಳೆಯ ಹಲಗೆಯ ಜೊತೆಗೇ ಹೋಗಿತ್ತು, ಮತ್ತೆ ಅಳೆಯಬೇಕಾಯಿತು. ಮನೆಯ ತೂಕದ ಯಂತ್ರ ಅಷ್ಟು ಭಾರ ತಡೆಯದು. ಅದಕ್ಕೆ ಗಟ್ಟಿ ತೊಲೆಯೊಂದನ್ನು ಇಟ್ಟಿಗೆಗೂ ಯಂತ್ರಕ್ಕೂ ನಡುವೆ ಅಡ್ಡ ಇಟ್ಟು, ಇಟ್ಟಿಗೆಯಿಂದ ಒಂದು ಅಡಿ, ಯಂತ್ರದಿಂದ ಎರಡು ಅಡಿ ದೂರದಲ್ಲಿ ಟ್ರೇಲರಿನ ಮೂತಿ ಕೂರಿಸಿದೆ. ಮುಳ್ಳು ತೋರಿಸಿದ್ದನ್ನು ಮೂರರಿಂದ ಗುಣಿಸಿದರೆ ನಿಜವಾದ ಭಾರ. ಕಾರನ್ನು ನಾಲ್ಕು ಬೆರಳು ಮುಂದೆ, ಎರಡು ಬೆರಳು ಹಿಂದೆ ಸರಿಸುತ್ತ ಮಧ್ಯಾಹ್ನವೆಲ್ಲ ಕಳೆಯಿತು. ಮುಳ್ಳು 76ಕ್ಕೆ ಬಂದು ನಿಂತಿತು, ಅಂದರೆ 228 ಕಿಲೋ, ಒಟ್ಟು ತೂಕದ ನೂರಕ್ಕೆ ಹನ್ನೆರಡು. ಅಲ್ಲಿಗೆ ಬಣ್ಣದ ಡಬ್ಬಿ ತೆರೆದು ಗೆರೆ ಎಳೆದೆ.